ಪಾಂಡವಪುರದ ತೋಟದಲ್ಲಿ ಓವರ್‌ಲ್ಯಾಂಡಿಂಗ್ ಕೂಟ: ಮೊದಲ ಸಲ ಹೋಗುವವರು ಏನನ್ನು ಕೊಂಡೊಯ್ಯಬೇಕು, ಏನನ್ನು ಮನೆಯಲ್ಲೇ ಬಿಡಬೇಕು?

ಒಂಟಿಕೊಪ್ಪಲ್:

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಗೆ ಮುಂಚಿನ ವಾರಾಂತ್ಯದಲ್ಲಿ ಪಾಂಡವಪುರ ತಾಲ್ಲೂಕಿನ ಖಾಸಗಿ ತೆಂಗಿನ ತೋಟವೊಂದರಲ್ಲಿ ಓವರ್‌ಲ್ಯಾಂಡಿಂಗ್ (ಬಿಡಾರವನ್ನು ಗಾಡಿಯಲ್ಲೇ ಹೊತ್ತು ಮಾಡುವ ದೂರಪ್ರಯಾಣ) ಆಸಕ್ತರ ಕೂಟ ನಡೆಯಲಿದ್ದು, ಮೈಸೂರಿನಿಂದ ನಾವು ಕೆಲವು ಕುಟುಂಬಗಳು ಜೊತೆಗೂಡಿ ಹೊರಟಿದ್ದೇವೆ. ತೋಟದಲ್ಲಿ ಎರಡು ರಾತ್ರಿ ತಂಗುವುದು, ಹಗಲಿನಲ್ಲಿ ದೂರಪ್ರಯಾಣ ಮಾಡಿಬಂದವರ ಮಾತು ಕೇಳುವುದು, ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುವ ಪ್ರಾತ್ಯಕ್ಷಿಕೆ ನೋಡುವುದು, ಸಂಜೆ ಅಡುಗೆ ಮಾಡಿಕೊಂಡು ಒಟ್ಟಿಗೆ ಉಣ್ಣುವುದು ಎಂಬುದಷ್ಟೇ ಕಾರ್ಯಕ್ರಮ. ನಮ್ಮ ಗುಂಪಿನಲ್ಲಿ ಫೋರ್ ವೀಲ್ ಡ್ರೈವ್ ಇರುವ ಗಾಡಿ ಒಂದೇ. ಉಳಿದವೆಲ್ಲ ದಿನನಿತ್ಯ ಕಚೇರಿಗೂ ಮದುವೆಮನೆಗೂ ಓಡಾಡುವ ಸಾಮಾನ್ಯ ಕಾರುಗಳು.

ದಿನ ಹತ್ತಿರವಾದಂತೆ ನಮ್ಮಲ್ಲೊಂದು ಗಡಿಬಿಡಿ ಶುರುವಾಗಿದೆ. ಒಬ್ಬರು ಕಾರಿನ ಛಾವಣಿಯ ಮೇಲೆ ಬಿಚ್ಚಿಕೊಳ್ಳುವ ರೂಫ್ ಟಾಪ್ ಟೆಂಟ್ ಕೊಳ್ಳಲು ಹೊರಟಿದ್ದಾರೆ, ಇನ್ನೊಬ್ಬರು ಹನ್ನೆರಡು ವೋಲ್ಟಿನ ಫ್ರಿಜ್ ಮತ್ತು ಎರಡನೇ ಬ್ಯಾಟರಿಯ ಬೆಲೆ ವಿಚಾರಿಸುತ್ತಿದ್ದಾರೆ, ಮತ್ತೊಬ್ಬರು ಇಂಧನ ಒಯ್ಯುವ ಜೆರ್ರಿ ಕ್ಯಾನ್ ಇಲ್ಲದೆ ಹೋದರೆ ಮರ್ಯಾದೆಯೇ ಇರುವುದಿಲ್ಲ ಎಂದುಕೊಂಡಿದ್ದಾರೆ. ಮೊದಲ ಕೂಟಕ್ಕೆ ಮನೆಯಲ್ಲಿರುವ ಚಾಪೆ, ಕಂಬಳಿ, ಸಾದಾ ಟೆಂಟ್, ಸಣ್ಣ ಒಲೆ ಇವುಗಳನ್ನೇ ಕೊಂಡುಹೋಗಿ, ಅಲ್ಲಿ ಬಳಸುವವರನ್ನು ಕೇಳಿ ತಿಳಿದುಕೊಂಡ ಮೇಲೆ ಬೇಕಾದುದನ್ನು ಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಅನುಭವವಿರುವವರೂ, ಆ ಭಾಗದ ಊರಿನವರೂ ತಮ್ಮ ಮಾತು ತಿಳಿಸಬೇಕೆಂದು ಕೋರುತ್ತೇನೆ.

ಹಳೇಜೀಪು:

ತಮ್ಮ ಅಭಿಪ್ರಾಯವೇ ಸರಿ. ಅದಕ್ಕೆ ಕಾರಣಗಳನ್ನಷ್ಟೇ ಸೇರಿಸುತ್ತೇನೆ. ರೂಫ್ ಟಾಪ್ ಟೆಂಟ್ ಕೊಳ್ಳಹೊರಟ ಸ್ನೇಹಿತರಿಗೆ ಮೊದಲು ಕಾರಿನ ಕೈಪಿಡಿ ತೆರೆದು ಛಾವಣಿಯ ಹೊರೆ ಎಷ್ಟೆಂದು ನೋಡಲು ಹೇಳಿ. ನಮ್ಮಲ್ಲಿ ಓಡುವ ಅನೇಕ ಸಣ್ಣ ಎಸ್‌ಯುವಿಗಳಲ್ಲಿ ಗಾಡಿ ಚಲಿಸುವಾಗಿನ ಮಿತಿ 50ರಿಂದ 75 ಕಿಲೋ ಆಸುಪಾಸಿನಲ್ಲಿರುತ್ತದೆ, ಆ ಲೆಕ್ಕದೊಳಗೆ ಕ್ಯಾರಿಯರಿನ ತೂಕವೂ ಸೇರಬೇಕು. ಗಟ್ಟಿ ಹೊದಿಕೆಯ ಟೆಂಟೊಂದೇ 60-70 ಕಿಲೋ ತೂಗುತ್ತದೆ. ನಿಂತ ಗಾಡಿಯ ಮೇಲೆ ಇಬ್ಬರು ಮಲಗಿದರೆ ಛಾವಣಿ ತಡೆಯುತ್ತದೆ, ಆದರೆ ತಿರುವಿನಲ್ಲಿ, ಹಠಾತ್ ಬ್ರೇಕಿನಲ್ಲಿ ಅಷ್ಟು ತೂಕ ಅಷ್ಟು ಎತ್ತರದಲ್ಲಿದ್ದರೆ ಗಾಡಿಯ ನಡತೆಯೇ ಬದಲಾಗುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವುದು ಎಂದರೆ ಇದೇ.

ಕೂಟದಲ್ಲಿ ಇಂಥ ಟೆಂಟುಗಳನ್ನು ಸಂಜೆ ಬಿಚ್ಚಿಟ್ಟಾಗ ನೋಡಿ ಮರುಳಾಗಬೇಡಿ, ಬೆಳಿಗ್ಗೆ ಮಡಿಸುವಾಗ ಹೋಗಿ ಕೈಗೂಡಿಸಿ. ಜನವರಿಯ ಮಂಜಿಗೆ ನೆಂದ ಬಟ್ಟೆಯನ್ನು ಮಡಿಸಿ, ಝಿಪ್ ಎಳೆದು, ಬೆಲ್ಟ್ ಬಿಗಿಯುವಷ್ಟರಲ್ಲಿ ಅದು ತಮಗೆ ಬೇಕೋ ಬೇಡವೋ ಎಂಬುದು ಇತ್ಯರ್ಥವಾಗಿಬಿಡುತ್ತದೆ. ರಾತ್ರಿ ಎದ್ದು ಏಣಿ ಇಳಿಯಬೇಕಾದ ಹಿರಿಯರಿದ್ದರೆ ಅವರನ್ನೂ ಒಮ್ಮೆ ಹತ್ತಿಸಿ ನೋಡಬಹುದು, ಮಾಲೀಕರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಫ್ರಿಜ್ ಮತ್ತು ಬ್ಯಾಟರಿಯ ವಿಷಯದಲ್ಲಿ ಅಂಗಡಿಯವರನ್ನು ಕೇಳುವ ಬದಲು ಸ್ವಲ್ಪ ಗಣಿತ ಮಾಡಿಕೊಳ್ಳಿ. ಕಂಪ್ರೆಸರ್ ಇರುವ ಸಣ್ಣ ಫ್ರಿಜ್ ಓಡುವಾಗ 45 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಅದು ದಿನದ ಅರ್ಧ ಹೊತ್ತು ಓಡಿದರೂ ದಿನವೊಂದಕ್ಕೆ 540 ವ್ಯಾಟ್-ಗಂಟೆ ಬೇಕು. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವ್ಯಾಟ್-ಗಂಟೆ ಇದ್ದರೂ, ಅದರ ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಲ್ಲಿಗೆ ಅದು ಒಂದು ದಿನದ ಮಾತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡಾ 80-90ರಷ್ಟು ಬಳಸಬಹುದು, ಬೆಲೆಯೂ ಅದಕ್ಕೆ ತಕ್ಕಂತೆ ಇದೆ. ಸೋಲಾರ್ ಹಾಕಿಕೊಳ್ಳುತ್ತೇವೆ ಎನ್ನುವವರು ಕೂಟ ನಡೆಯುವುದು ತೆಂಗಿನ ತೋಟದಲ್ಲಿ ಎಂಬುದನ್ನು ಮರೆತಂತಿದೆ. ಹಲಗೆಯ ಮೇಲೆ ಗರಿಯ ನೆರಳು ಅಲ್ಲಲ್ಲಿ ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಎರಡು ರಾತ್ರಿಗೆ ಐಸ್ ಹಾಕಿದ ಡಬ್ಬಿ ಸಾಕು, ಮಂಡ್ಯ ಜಿಲ್ಲೆಯಲ್ಲಿ ಹಾಲು, ಮೊಸರು, ತರಕಾರಿ ಸಿಗದ ಊರು ಯಾವುದಿದೆ? ಪೆಟ್ರೋಲ್ ಬಂಕುಗಳೂ ದಾರಿಯುದ್ದಕ್ಕೂ ಇರುವಾಗ ಜೆರ್ರಿ ಕ್ಯಾನಿನಲ್ಲಿ ಇಂಧನ ಹೊತ್ತು ಮಕ್ಕಳಿರುವ ಬಿಡಾರದ ಪಕ್ಕ ಇಡುವುದು ಅಪಾಯಕ್ಕೆ ಹೊರತು ಬೇರೆ ಯಾವುದಕ್ಕೂ ಅಲ್ಲ.

ಇನ್ನೊಂದು ಮಾತು. ಮುಂದೆ ಕಬ್ಬಿಣದ ಬುಲ್ ಬಾರ್, ಮೇಲೆ ಸಾಲುದೀಪ ಹಾಕಿದ ಗಾಡಿಗಳನ್ನು ಅಲ್ಲಿ ಕಂಡು ನಮ್ಮದಕ್ಕೂ ಹಾಗೆ ಮಾಡಿಸೋಣ ಎನ್ನಿಸುವುದು ಸಹಜ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿಯನ್ನು ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ.

ನಾಲೆಬದಿ:

ನಾನು ಪಾಂಡವಪುರ ಕಡೆಯವನು, ಓವರ್‌ಲ್ಯಾಂಡಿಂಗ್ ಮಾಡುವವನಲ್ಲ, ಆದರೆ ನಮ್ಮ ಹಳ್ಳಿಯ ಪಕ್ಕದ ತೋಟದಲ್ಲಿ ಇಂಥ ಕೂಟ ನಡೆದಾಗ ಬಂದವರ ಗಾಡಿಗಳನ್ನು ಟ್ರ್ಯಾಕ್ಟರಿನಲ್ಲಿ ಎಳೆದಿದ್ದೇನೆ. ಆದ್ದರಿಂದ ತಾವು ಸಾಮಾನಿಗಿಂತ ದಾರಿಯ ಬಗ್ಗೆ ಹೆಚ್ಚು ಯೋಚಿಸಬೇಕೆಂದು ವಿನಂತಿ.

ಸಂಕ್ರಾಂತಿಯ ಸುತ್ತಮುತ್ತ ಇಲ್ಲಿ ಕಬ್ಬಿನ ಸಾಗಣೆ ನಡೆದಿರುತ್ತದೆ. ಹಿಂಬದಿಯ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರೈಲರುಗಳು ರಸ್ತೆಯ ಮುಕ್ಕಾಲು ಭಾಗವನ್ನು ತುಂಬಿಕೊಂಡು ಕತ್ತಲಲ್ಲಿ ಹೋಗುತ್ತಿರುತ್ತವೆ, ಹತ್ತಿರ ಬರುವವರೆಗೂ ಕಾಣುವುದಿಲ್ಲ. ಕಚೇರಿ ಮುಗಿಸಿ ಶುಕ್ರವಾರ ರಾತ್ರಿಯೇ ತಲುಪಿಬಿಡೋಣ ಎಂದು ಹೊರಡುವವರಿಗೆ ನಾನು ಬೇಡ ಎನ್ನುತ್ತೇನೆ. ಅದರ ಮೇಲೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ರಸ್ತೆಗಳಿವೆ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಹಗಲು ಹೊತ್ತಿನಲ್ಲಿ ನಡೆದ ಅಪಘಾತವದು. ಆಮೇಲೂ ಕಾರುಗಳು ನಾಲೆಗೆ ಬಿದ್ದು ಜೀವಗಳು ಹೋಗಿವೆ. ಮೊಬೈಲಿನ ನಕ್ಷೆಗೆ ಏರಿಯ ದಾರಿಯೂ ಹೆದ್ದಾರಿಯೂ ಒಂದೇ. ಎರಡು ಕಿಲೋಮೀಟರ್ ಉಳಿಯುತ್ತದೆಂದು ಅದು ತಮ್ಮನ್ನು ಏರಿಯ ಮೇಲೆ ತಿರುಗಿಸಿದರೆ ಒಪ್ಪಬೇಡಿ, ಊರೊಳಗಿನ ದಾರಿ ಯಾವುದೆಂದು ಕೇಳಿಕೊಂಡು ಬನ್ನಿ.

ಹಾಗೆಯೇ ಆ ದಿನಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿರುತ್ತಾರೆ. ಹಾಗೆ ಮಾಡಬಾರದು ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದಾರೆ, ನಮ್ಮವರು ಹರಡುತ್ತಲೇ ಇದ್ದಾರೆ. ಹುರುಳಿ ಬಳ್ಳಿ ಕಾರಿನ ತಳದಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳಬಹುದು. ತಪ್ಪಿಸಲಾಗದೆ ಅದರ ಮೇಲೆ ಹಾಯ್ದಿದ್ದರೆ ಸ್ವಲ್ಪ ಮುಂದೆ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿಕೊಂಡ ಹುಲ್ಲನ್ನು ತೆಗೆಯಿರಿ. ಹೊಗೆಯ ವಾಸನೆ ಬರುವವರೆಗೆ ಕಾಯಬೇಡಿ.

ತೋಟದೊಳಗಿನ ಸಂಗತಿ ಬೇರೆ. ತೆಂಗಿನ ಮರದ ಕೆಳಗೆ ಟೆಂಟ್ ಹಾಕಬಾರದು ಎಂಬುದನ್ನು ಮಕ್ಕಳಿಗೂ ಹೇಳಬೇಕಿಲ್ಲ ಎಂದು ನಾವು ತಿಳಿದಿದ್ದೆವು, ಆದರೆ ಪೇಟೆಯವರು ನೆರಳಿದೆಯೆಂದು ಅಲ್ಲಿಗೇ ಹೋಗುತ್ತಾರೆ. ಕಾಯಿ ಬಿದ್ದರೆ ತಲೆ, ಒಣಗರಿ ಬಿದ್ದರೆ ಟೆಂಟು. ಎರಡನೆಯದಾಗಿ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಅನೇಕ ಸಲ ರಾತ್ರಿಯೇ ಬರುತ್ತದೆ, ಆಟೋ ಸ್ಟಾರ್ಟರ್ ಇದ್ದರೆ ಮೋಟಾರು ತಾನೇ ಚಾಲೂ ಆಗುತ್ತದೆ. ತೋಟದ ತಗ್ಗಿನಲ್ಲಿ ಮಲಗಿದವರು ನಡುರಾತ್ರಿ ನೀರಿನಲ್ಲಿ ಎದ್ದ ಉದಾಹರಣೆ ಇದೆ. ತಲುಪಿದ ಕೂಡಲೇ ಯಜಮಾನರನ್ನು ಕಂಡು ನೀರು ಯಾವ ಕಾಲುವೆಯಲ್ಲಿ ಯಾವಾಗ ಹರಿಯುತ್ತದೆ ಎಂದು ಕೇಳಿ, ದಿಬ್ಬದ ಮೇಲೆ ಜಾಗ ಹಿಡಿಯಿರಿ.

ಸಾಲುಗಾಡಿ:

ಬೈಕಿನಲ್ಲಿ ಬರುವವರ ಗಮನಕ್ಕೆ ಒಂದು ಸಣ್ಣ ಸೂಚನೆ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕಾರಿನವರ ಜೊತೆ ಸಾಲಾಗಿ ಬರುತ್ತೇನೆಂದು ಒಪ್ಪಿಕೊಂಡು ಕೊನೆಗೆ ಒಬ್ಬರಿಗೊಬ್ಬರು ಕಾಯುವಂತಾಗಬಾರದು. ಶ್ರೀರಂಗಪಟ್ಟಣದಲ್ಲಿ ಸೇರುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ವಾಕಿ-ಟಾಕಿ ತರುವವರು 446.0ರಿಂದ 446.2 ಮೆಗಾಹರ್ಟ್ಸ್‌ನ, ಕಡಿಮೆ ಶಕ್ತಿಯ, ಲೈಸೆನ್ಸ್ ಬೇಡದ ಸೆಟ್ಟುಗಳನ್ನೇ ತನ್ನಿ.

ಬಯಲುವಾಸಿ:

ಎಲ್ಲರ ಮಾತನ್ನೂ ಓದಿದೆ. ನನ್ನ ತಕರಾರು ಮೂಲದಲ್ಲೇ ಇದೆ. ಮೈಸೂರಿನಿಂದ ಒಂದು ಗಂಟೆಯೂ ಆಗದ ದಾರಿ ಸಾಗಿ, ಬೇಲಿ ಹಾಕಿದ ತೋಟದಲ್ಲಿ ಗಾಡಿ ನಿಲ್ಲಿಸಿ, ಎರಡು ರಾತ್ರಿ ಹರಟಿ ವಾಪಸಾಗುವುದನ್ನು ಓವರ್‌ಲ್ಯಾಂಡಿಂಗ್ ಎಂದು ಕರೆಯಬಹುದೇ? 1955-56ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರುಗಳಲ್ಲಿ ಲಂಡನ್ನಿನಿಂದ ಸಿಂಗಪುರದವರೆಗೆ, ನಮ್ಮ ದೇಶವನ್ನು ಹಾದು, ನೆಲದ ಮೇಲೇ ಹೋದರು. ಗಾಡಿಯೇ ಮನೆಯಾಗಿ, ದಾರಿಯೇ ಉದ್ದೇಶವಾಗಿ ಇದ್ದಾಗ ಮಾತ್ರ ಆ ಹೆಸರಿಗೆ ಅರ್ಥ. ಅಮೆರಿಕದ ಅರಿಜೋನಾದಲ್ಲಿ 2009ರಲ್ಲಿ ಆರಂಭವಾದ ಇಂಥ ಕೂಟ ಈಗ ದೊಡ್ಡ ಸಂತೆಯಾಗಿ ಬೆಳೆದಿದೆ, ಸಾಮಾನು ಮಾರುವವರ ಮಳಿಗೆಗಳ ಸಾಲೇ ಅಲ್ಲಿದೆ. ನಮ್ಮಲ್ಲೂ ಅದೇ ಆಗುವುದಾದರೆ, ಅದರ ಬದಲು ನಮ್ಮ ಗುಂಪು ಮುತ್ತತ್ತಿಯ ಕಡೆ ಕಾವೇರಿಯ ದಂಡೆಯಲ್ಲಿ ಒಂದು ರಾತ್ರಿ ಸುಮ್ಮನೆ ತಂಗಿದರೆ ಹೆಚ್ಚು ಕಲಿಯುತ್ತದೆ ಎಂಬುದು ನನ್ನ ವಾದ.

ಹಳೇಜೀಪು:

ಬಯಲುವಾಸಿಯವರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿ ಧಾಮದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಧಾಮದೊಳಗೆ ತಂಗುವುದು ಅಪರಾಧ, ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಾಕುವುದೂ ಅಪರಾಧ. ಆನೆ ನೀರಿಗಿಳಿಯುವ ದಂಡೆಯಲ್ಲಿ ನಮ್ಮ ಟೆಂಟು ಇದ್ದರೆ ದಾರಿಗೆ ಅಡ್ಡ ನಿಂತವರು ನಾವೇ ಹೊರತು ಆನೆಯಲ್ಲ. ಅರಣ್ಯ ಬೇಡ, ಶ್ರೀರಂಗಪಟ್ಟಣದ ಆಸುಪಾಸಿನ ನದಿದಂಡೆ ಆಗಬಹುದಲ್ಲ ಎಂದರೆ, ರಂಗನತಿಟ್ಟಿನ ಮೊಸಳೆಗಳು ಪಕ್ಷಿಧಾಮದ ಫಲಕ ಓದಿ ಒಳಗೇ ಉಳಿಯುವುದಿಲ್ಲ. ಕೆ.ಆರ್.ಎಸ್. 124.80 ಅಡಿ ತುಂಬಿ ನೀರು ಬಿಟ್ಟ ದಿನಗಳಲ್ಲಿ ನದಿಯ ಮಟ್ಟ ಎಷ್ಟು ಬೇಗ ಏರುತ್ತದೆಂಬುದು ವೆಲ್ಲೆಸ್ಲಿ ಸೇತುವೆಯ ಬಳಿ ನಿಂತು ನೋಡಿದವರಿಗೆ ಗೊತ್ತು. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿಯವರೆಗೆ ಚಿರತೆಯ ದಾಳಿಗೆ ಜನ ಬಲಿಯಾದುದೂ ಕಾಡಿನ ನಡುವೆಯಲ್ಲ, ಹೊಲ ಮತ್ತು ಊರಿನ ಅಂಚಿನಲ್ಲಿ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದು ಈ ಭಾಗದ ರೈತರಿಗೆ ಹೊಸ ಸುದ್ದಿಯಲ್ಲ. ಉಳಿದ ಮಾಂಸವನ್ನು ಬಿಡಾರದ ಹಿಂದೆ ಎಸೆದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಹೀಗಿರುವಾಗ ಯಜಮಾನರಿರುವ, ಜನ ಜೊತೆಗಿರುವ ತೋಟದಲ್ಲಿ ಮೊದಲ ರಾತ್ರಿಗಳನ್ನು ಕಳೆಯುವುದು ಹೇಡಿತನವಲ್ಲ.

ಕೂಟ ಸಂತೆಯಾಗುವ ಭಯ ನನಗೂ ಇದೆ. ಅದಕ್ಕೆ ಮದ್ದು ಹೋಗದಿರುವುದಲ್ಲ, ಯಾರ ಬಳಿ ಕುಳಿತುಕೊಳ್ಳಬೇಕು ಎಂಬುದನ್ನು ಆರಿಸಿಕೊಳ್ಳುವುದು. ಸ್ವಂತ ಗಾಡಿಯಲ್ಲಿ ನೇಪಾಳ, ಭೂತಾನ್ ಮುಗಿಸಿ ಬಂದವರು ಇಂಥಲ್ಲಿ ಒಬ್ಬರಾದರೂ ಸಿಗುತ್ತಾರೆ. ನೇಪಾಳದ ಗಡಿಯಲ್ಲಿ ದಿನದ ಲೆಕ್ಕದಲ್ಲಿ ಕಟ್ಟುವ ಭನ್ಸಾರ್ ಸುಂಕ, ಫುಂಟ್‌ಶೋಲಿಂಗ್‌ನಲ್ಲಿ ಪಡೆಯುವ ಗಾಡಿಯ ಪರವಾನಗಿ, ಅದಕ್ಕೂ ಆಚೆಯ ಅನೇಕ ದೇಶಗಳಿಗೆ ಬೇಕಾಗುವ ಕಾರ್ನೆ ಎಂಬ ಕಸ್ಟಮ್ಸ್ ದಾಖಲೆ ಮತ್ತು ಅದಕ್ಕಾಗಿ ಇಡಬೇಕಾದ ದೊಡ್ಡ ಠೇವಣಿ, ಇವುಗಳ ಬಗ್ಗೆ ಸರದಿಯಲ್ಲಿ ನಿಂತು ಬಂದವರ ಬಾಯಿಂದ ಅರ್ಧ ಗಂಟೆ ಕೇಳಿದರೆ ಅದೇ ಕೂಟದ ಫಲ.

ಎಳೆಯುವ ಪ್ರಾತ್ಯಕ್ಷಿಕೆಯನ್ನೂ ಬಿಡಬೇಡಿ, ಆದರೆ ದೂರ ನಿಂತು ನೋಡಿ. ಬಿಗಿಯಾದ ಹಗ್ಗವಾಗಲಿ ಅದರ ಕೊಂಡಿಯಾಗಲಿ ಕಿತ್ತರೆ ಗುಂಡಿನ ವೇಗದಲ್ಲಿ ಬರುತ್ತದೆ, ಆದ್ದರಿಂದ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಜನರಿರಬೇಕು, ಹಗ್ಗದ ನಡುವೆ ಭಾರದ ಕಂಬಳಿಯೊಂದನ್ನು ಹೊದಿಸಿರಬೇಕು. ಟ್ರೈಲರ್ ಕಟ್ಟಲು ಗಾಡಿಯ ಹಿಂದಿರುವ ಕಬ್ಬಿಣದ ಉಂಡೆಗೆ ಹಗ್ಗ ಸಿಕ್ಕಿಸಿ ಎಳೆಯುವವರನ್ನು ಕಂಡರೆ ಇನ್ನೂ ಹಿಂದಕ್ಕೆ ಸರಿಯಿರಿ. ಅದು ಎಳೆತದ ಜರ್ಕಿಗೆ ಮಾಡಿದ್ದಲ್ಲ.

ಕಾರಂಜಿ:

ಅಣ್ಣಂದಿರೆಲ್ಲ ಹಗ್ಗ, ಬ್ಯಾಟರಿ, ಕಾನೂನು ಮಾತಾಡಿದಿರಿ. ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಇಂಥ ಕೂಟಗಳಿಗೆ ಹೋಗುವವಳಾಗಿ ನಾನು ಸೇರಿಸಬೇಕಾದುದು ಶೌಚಾಲಯದ ವಿಷಯ. ಆಯೋಜಕರನ್ನು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು: ಎಷ್ಟಿವೆ, ಹೆಂಗಸರಿಗೆ ಬೇರೆ ಇದೆಯೇ, ರಾತ್ರಿ ಅಲ್ಲಿಯವರೆಗೆ ದೀಪವಿದೆಯೇ. ಉತ್ತರ ತೇಲಿಸಿ ಬಂದರೆ ನಾವು ಹೋಗುವುದಿಲ್ಲ. ತೋಟದ ಅಂಚಿನಲ್ಲಿ ಬಯಲಿಗೆ ಹೋಗುವುದು ನಾಳೆ ಅಲ್ಲಿ ಕಳೆ ಕೀಳುವ ಹೆಂಗಸರ ಪಾಲಿಗೆ ಏನಾಗುತ್ತದೆಂದು ಯೋಚಿಸಿದರೆ ಸಾಕು.

ಹಾವಿನ ಬಗ್ಗೆ ಯಾರೂ ಬರೆದಿಲ್ಲ. ಕಬ್ಬು, ಭತ್ತ ಇರುವಲ್ಲಿ ಇಲಿ ಇರುತ್ತದೆ, ಇಲಿಯಿರುವಲ್ಲಿ ನಾಗರಹಾವು, ಕೊಳಕುಮಂಡಲ ಇರುತ್ತವೆ. ಕಟ್ಟುಹಾವು ರಾತ್ರಿ ಓಡಾಡುವಂಥದ್ದು, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಕಚ್ಚಿದ ನೋವೂ ಅಷ್ಟಾಗಿ ತಿಳಿಯದೆ ಇರಬಹುದು. ಟೆಂಟಿನ ಝಿಪ್ಪನ್ನು ಪೂರ್ತಿ ಎಳೆದಿರಬೇಕು, ಬೂಟುಗಳನ್ನು ಒಳಗೇ ಇಟ್ಟುಕೊಳ್ಳಬೇಕು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬಾರದು. ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಮದ್ದು ಹಾಕುವವರನ್ನು ಹುಡುಕುವುದು ಯಾವುದೂ ಬೇಡ. ಕೈಕಾಲು ಆಡಿಸದಂತೆ ಮಲಗಿಸಿ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ಯಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ ಎಂದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ತಟ್ಟನೆ ಹೊರಡಲು ಒಂದು ಗಾಡಿಯಾದರೂ ಅಡ್ಡಿಯಿಲ್ಲದೆ, ಮೂತಿ ಹೊರಗಿಟ್ಟು ನಿಂತಿರಬೇಕು.

ಜನವರಿಯ ಚಳಿಗೆ ಇದ್ದಿಲ ಕೆಂಡವನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗುವವರೂ ಇದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಒಲೆಗೂ ಇದೇ ಮಾತು. ಇನ್ನೊಂದು ಕಂಬಳಿ ತನ್ನಿ.

ಬಯಲುವಾಸಿ:

ಧಾಮದ ಕಾನೂನಿನ ವಿಷಯದಲ್ಲಿ ಹಳೇಜೀಪು ಅವರ ಮಾತಿಗೆ ಎದುರಾಡಲಾರೆ, ನದಿದಂಡೆಯ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ದಾರಿಯಿಲ್ಲದ ಕೂಟ ಸಪ್ಪೆ ಎಂಬ ಮಾತನ್ನು ಬಿಡುವುದಿಲ್ಲ. ಹೀಗೆ ಮಾಡಬಹುದಲ್ಲ: ಶನಿವಾರ ನಸುಕಿನಲ್ಲಿ ಹೊರಟು ನೇರವಾಗಿ ಪಾಂಡವಪುರಕ್ಕೆ ಹೋಗದೆ, ಬನ್ನೂರಿನ ಕಡೆಯಿಂದ 13ನೇ ಶತಮಾನದ ಸೋಮನಾಥಪುರ ದೇವಾಲಯ ನೋಡಿಕೊಂಡು, ಮಳವಳ್ಳಿಯ ಮೇಲೆ ಶಿವನಸಮುದ್ರಕ್ಕೆ ಹೋಗುವುದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಾಗವದು, ಗಗನಚುಕ್ಕಿಯ ಮೇಲಿನಿಂದ ನೋಡಬಹುದು. ಅಲ್ಲಿಂದ ಮಂಡ್ಯ, ನಾಗಮಂಗಲದ ಮೇಲೆ ಮೇಲುಕೋಟೆ ಹತ್ತಿ ಇಳಿದು, ಬೆಳಕಿರುವಾಗಲೇ ತೋಟ ಸೇರುವುದು. ಪೂರ್ತಿ ಸಾರ್ವಜನಿಕ ರಸ್ತೆ, ಯಾರ ಅನುಮತಿಯೂ ಬೇಕಿಲ್ಲ. ಸಾಮಾನು ಹೇರಿದ ಗಾಡಿ ದಿನವಿಡೀ ಓಡಿದಾಗ ಏನು ಸಡಿಲವಾಗುತ್ತದೆ, ಬೇಕೆಂದಾಗ ಒಲೆ ಎಲ್ಲಿ ಹೂತುಹೋಗಿರುತ್ತದೆ, ಸಾಲಿನಲ್ಲಿ ನಿಧಾನದ ಗಾಡಿಗೆ ಉಳಿದವರು ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು ಆಗಲೇ ತಿಳಿಯುವುದು. ಹಾಗೆ ತಿಳಿದುಕೊಂಡು ತಲುಪಿದವರಿಗೆ ಕೂಟದಲ್ಲಿ ಕೇಳಲು ಪ್ರಶ್ನೆಗಳಿರುತ್ತವೆ.

ಒಂಟಿಕೊಪ್ಪಲ್:

ಎಲ್ಲರಿಗೂ ಧನ್ಯವಾದಗಳು. ನಮ್ಮ ಗುಂಪಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ರೂಫ್ ಟಾಪ್ ಟೆಂಟ್ ಕೊಳ್ಳುವವರು ಕೈಪಿಡಿ ನೋಡಿದ ಮೇಲೆ ಸುಮ್ಮನಾಗಿದ್ದಾರೆ. ಫ್ರಿಜ್ಜಿನ ಮಾತು ಮಾತ್ರ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಬಯಲುವಾಸಿಯವರು ಹೇಳಿದ ಸುತ್ತುದಾರಿಯಲ್ಲೇ ಹೋಗುವುದೆಂದು ಒಪ್ಪಿದ್ದೇವೆ, ಸಮಯ ಮೀರಿದರೆ ಮೇಲುಕೋಟೆಯನ್ನು ಬಿಟ್ಟು ಮಂಡ್ಯದಿಂದ ನೇರ ಬರುತ್ತೇವೆ, ಕತ್ತಲಾದ ಮೇಲೆ ಕಬ್ಬಿನ ಗಾಡಿಗಳ ನಡುವೆ ಓಡಿಸುವುದಿಲ್ಲ. ಕುಡಿಯುವುದಕ್ಕೂ ಅಡುಗೆಗೂ ತಲೆಗೆ ದಿನಕ್ಕೆ ಐದು ಲೀಟರಿನಂತೆ ನೀರು ಮನೆಯಿಂದಲೇ ಬರುತ್ತದೆ. ಶೌಚಾಲಯದ ಪ್ರಶ್ನೆಯನ್ನು ಆಯೋಜಕರಿಗೆ ಬರೆದು ಕೇಳಲಾಗಿದೆ. ಕಾರಂಜಿಯವರೇ, ಹೆಂಗಸರಿಗೆ ಬೇರೆಯಾಗಿಯೇ ಇದೆ, ದಾರಿಗೆ ದೀಪ ಹಾಕಿಸುತ್ತೇವೆ ಎಂದು ಉತ್ತರ ಬಂದಿದೆ.

ಉಳಿದಿರುವುದು ಒಂದೇ. ತೋಟದ ಮಣ್ಣುದಾರಿಗೆ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ವಾಪಸು ಡಾಂಬರು ರಸ್ತೆಗೆ ಬಂದಾಗ ತುಂಬಿಸಲು ಕಂಪ್ರೆಸರ್ ಬೇಕಲ್ಲ, ಅದೊಂದನ್ನಾದರೂ ಹೊಸದಾಗಿ ಕೊಳ್ಳಬೇಕೇ?

ನಾಲೆಬದಿ:

ಬೇಡ. ಮಳೆಯಿಲ್ಲದ ಜನವರಿಯಲ್ಲಿ ಆ ದಾರಿಗೆ ಗಾಳಿ ಇಳಿಸುವ ಅಗತ್ಯವೇ ಬರುವುದಿಲ್ಲ, ಹಾಲಿನ ಗಾಡಿ ದಿನಕ್ಕೆರಡು ಸಲ ಅಲ್ಲೇ ಓಡಾಡುತ್ತದೆ. ನೀರು ಬಿಟ್ಟ ಗದ್ದೆಯ ಅಂಚಿಗೆ ಮಾತ್ರ ಇಳಿಯಬೇಡಿ. ಅಷ್ಟಾಗಿಯೂ ಇಳಿಸಿದವರಿಗೆ ಊರಬಾಗಿಲಲ್ಲಿ ಪಂಕ್ಚರ್ ಅಂಗಡಿಯಿದೆ, ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ.